ದನದ ಡಾಕ್ಟರ ಮನೆಯ ಮೀನಿನ ಹೊಟ್ಟೆ

ಮೂವತ್ತು ಚಿಲ್ಲರೆ ವರ್ಷ ದನಗಳ ಹೊಟ್ಟೆ ನೋಡಿ ನನ್ನ ಹೊಟ್ಟೆ ಹೊರೆದುಕೊಂಡವನು ನಾನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಪಶು ಆಸ್ಪತ್ರೆಗಳಲ್ಲಿ ಗಾಣದೆತ್ತಿನಂತೆ ಸುತ್ತಿದ್ದೇನೆ. ಸರ್ಕಾರದ ಕಾಗದದಲ್ಲಿ ನಾನು ಕಾಂಪೌಂಡರು, ರೈತರ ಬಾಯಲ್ಲಿ ದನದ ಡಾಕ್ಟ್ರು. ಕಾಗದವನ್ನು ಯಾರೂ ಓದುತ್ತಿರಲಿಲ್ಲವಾದ್ದರಿಂದ ನಾನೂ ತಿದ್ದಲು ಹೋಗಲಿಲ್ಲ.

ಅದರಲ್ಲೂ ಹೊಟ್ಟೆಯುಬ್ಬರ ಅಂದರೆ ನನಗೆ ಬಲು ಪ್ರೀತಿ. ಎಳೆ ಮೇವು ತಿಂದು ಗಾಳಿ ಕಟ್ಟಿಕೊಂಡು, ಎಡಪಕ್ಕೆಯನ್ನು ತಮಟೆಯಂತೆ ಬಿಗಿದು ನಿಂತ ಎಮ್ಮೆಯನ್ನು ತೋರಿಸಿದರೆ ಸಾಕು, ನಾನು ಶರ್ಟಿನ ತೋಳು ಮಡಚುತ್ತಿದ್ದೆ. ಪಕ್ಕೆಗೆ ಬೆರಳಿನಿಂದ ಒಂದು ಸಲ ಮಿಡಿದು ಸದ್ದು ಕೇಳಿ, ಎಣ್ಣೆಯೋ ಸಲಾಕೆಯೋ ಎಂದು ತೀರ್ಪು ಕೊಡುತ್ತಿದ್ದೆ. ಸಲಾಕೆ ಅಂದರೆ ಪಕ್ಕೆಗೆ ಚುಚ್ಚಿ ಗಾಳಿ ಬಿಡುವ ಸಾಮಾನು. ಬುಸ್ಸೆಂದು ಹೊರಟ ವಾಸನೆಗೆ ಸುತ್ತ ನಿಂತವರೆಲ್ಲ ಮೂಗು ಮುಚ್ಚಿಕೊಂಡರೆ ನನಗೆ ಶಾಲು ಹೊದಿಸಿದಷ್ಟು ಹಿತವಾಗುತ್ತಿತ್ತು.

ಇಂಥ ನನ್ನ ಮನೆಯಲ್ಲೇ, ನಿವೃತ್ತಿಯಾಗಿ ಹುಣಸೂರಿಗೆ ಬಂದು ಕೂತ ಮೂರನೆಯ ವರ್ಷ, ಒಂದು ಮೀನಿಗೆ ಹೊಟ್ಟೆಯುಬ್ಬರ ಬಂತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತು ಅನ್ನುತ್ತಾರಲ್ಲ, ಹಾಗಾಯಿತು.

ಮೀನು ನನ್ನದಲ್ಲ, ನನ್ನ ಹೆಂಡತಿಯದು. ಎಚ್.ಡಿ. ಕೋಟೆಯಲ್ಲಿ ನೆಂಟರ ಗೃಹಪ್ರವೇಶ ಮುಗಿಸಿಕೊಂಡು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಅಲ್ಲಿನ ಒಂದು ಅಂಗಡಿಯ ಮುಂದೆ ಅವಳು ನಿಂತುಬಿಟ್ಟಳು. ಲವ್ ಬರ್ಡ್ಸು, ಬಿಳಿ ಇಲಿ, ಬಣ್ಣದ ಮೀನು ಮಾರುವ ಮಲಯಾಳಿಯ ಅಂಗಡಿ. ಹೋಗುವ ಬಸ್ಸು ಹೋಯಿತು, ಅವಳು ಕದಲಲಿಲ್ಲ. ಕೊನೆಗೆ ಒಂದು ಗೋಲ್ಡ್ ಫಿಶ್ ಕಡೆ ಬೆರಳು ತೋರಿಸಿ, ಆ ಕೆಂದನೆಯದು ಕೊಡಿ ಎಂದಳು. ನಮ್ಮ ಕಡೆ ಕೆಂದ ಅನ್ನುವುದು ದನಗಳ ಬಣ್ಣಕ್ಕೆ. ಮೀನಿಗೆ ಅದನ್ನು ಅಂದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡ ನಾನು, ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಜೀವಂತ ಮೀನು ಇಟ್ಟುಕೊಂಡು ಹುಣಸೂರಿನ ತನಕ ಬಂದೆ. ಬಸ್ಸಿನಲ್ಲಿದ್ದವರು ಮೀನನ್ನು ಒಂದು ಸಲ, ನನ್ನ ಹಣೆಯನ್ನು ಒಂದು ಸಲ ನೋಡಿದರು. ಯಾರೂ ಏನೂ ಕೇಳಲಿಲ್ಲ, ಅದೇ ಕಷ್ಟವಾಯಿತು.

ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ನಮ್ಮದು. ಮೀನಿನ ಜೊತೆ ಅಂಗಡಿಯವನು ಕೊಟ್ಟ ಆಹಾರದ ಡಬ್ಬಿಯನ್ನು ಹೆಂಡತಿ ಮೂಸಿ ನೋಡಿದಳು. ಒಣಮೀನು, ಸೀಗಡಿ ಎಂದು ಮೇಲೆ ಬರೆದಿತ್ತು. ಡಬ್ಬಿ ಮೊದಲು ಬಚ್ಚಲುಮನೆಯ ಕಿಟಕಿಗೆ, ಅಲ್ಲಿಂದ ಪೊರಕೆಯ ಹಿಂದಕ್ಕೆ, ಅಲ್ಲಿಂದ ಕಸದ ಗಾಡಿಗೆ ಹೋಯಿತು. ಮೀನಿಗೆ ಮೀನು ತಿನ್ನಿಸುವುದು ಯಾವ ನ್ಯಾಯ, ನಮ್ಮ ಮನೆಗೆ ಬಂದ ಮೇಲೆ ನಮ್ಮ ಹಾಗೇ ಉಣ್ಣಲಿ ಎಂದಳು. ಅಂದಿನಿಂದ ಅದಕ್ಕೆ ರಾಗಿಮುದ್ದೆಯ ಚೂರು, ಚಪಾತಿಯ ಪುಡಿ, ಹಬ್ಬದ ದಿನ ಒಬ್ಬಟ್ಟಿನ ಅಂಚು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಈ ವಿದ್ಯೆಯಲ್ಲಿ ಮೈಸೂರು ಸೀಮೆಯ ಮನುಷ್ಯನಿಗೂ ಮೀನಿಗೂ ವ್ಯತ್ಯಾಸವಿಲ್ಲ. ಅದು ದಿನೇ ದಿನೇ ಗುಂಡಗಾಯಿತು. ಮನೆಯ ಊಟ ಮೈಗೆ ಹತ್ತಿದೆ ಎಂದು ನಾನೂ ಹೆಮ್ಮೆಪಟ್ಟೆ. ಮೂವತ್ತು ವರ್ಷದ ಅನುಭವ ಇದ್ದವನು ಹೇಳಿದ ಮಾತು ಅದು.

ಅವರೆ ಕಾಲದ ಒಂದು ಭಾನುವಾರ ಬೆಳಿಗ್ಗೆ ನೋಡಿದರೆ, ಮೀನು ಟೀವಿಯ ಪಕ್ಕದ ಗಾಜಿನ ತೊಟ್ಟಿಯಲ್ಲಿ ಒಂದು ಮಗ್ಗುಲಾಗಿ ತೇಲುತ್ತಿತ್ತು. ಹೊಟ್ಟೆ ನಿಂಬೆಹಣ್ಣಾಗಿತ್ತು. ಕೆಳಗಿಳಿಯಲು ಬಾಲ ಬಡಿಯುವುದು, ಬಿರಡೆಯ ಹಾಗೆ ಮತ್ತೆ ಮೇಲೆ ಬರುವುದು. ನಾನು ಅಭ್ಯಾಸಬಲದಿಂದ ತೋಳು ಮಡಚಿದೆ. ಆಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬೆರಳಿನಿಂದ ಮಿಡಿದೆ, ಗಾಜು ಟಣ್ಣೆಂದಿತು. ಎಡಪಕ್ಕೆ ಯಾವುದು, ಬಲಪಕ್ಕೆ ಯಾವುದು ಎಂದು ನಾನು ಸುತ್ತ ತಿರುಗುತ್ತಿರುವಾಗ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇದ್ನಾದ್ರೂ ಉಳಿಸ್ಕೊಡಿ" ಎಂದಳು.

ಆ 'ಆದ್ರೂ' ಎಲ್ಲಿಂದ ಬಂತೆಂದು ನನಗೆ ಗೊತ್ತು. ಓದುವವರಿಗೂ ಗೊತ್ತಿರಲಿ.

ಮದುವೆಯಾದ ಎರಡನೆಯ ವರ್ಷ ನಾವು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿದ್ದೆವು. ಅವಳ ತವರಿನವರು ಬಳುವಳಿಯಾಗಿ ಒಂದು ಹಸು ಕೊಟ್ಟಿದ್ದರು, ಕೆಂದ ಬಣ್ಣದ್ದು. ಅವಳು ಕರುವಿನಿಂದ ಸಾಕಿದ್ದು. ಒಂದು ದಿನ ನಾನು ಯಾವುದೋ ಊರಿಗೆ ಕೇಸಿಗೆ ಹೋಗಿದ್ದಾಗ ಅದು ಹಗ್ಗ ಕಿತ್ತುಕೊಂಡು, ಇಬ್ಬನಿ ಆರದ ಅವರೆ ಹೊಲಕ್ಕೆ ನುಗ್ಗಿ ಮೇದುಬಿಟ್ಟಿತು. ಉಬ್ಬರ ಬಂತು. ನಾನು ಮನೆಗೆ ಬರುವ ಹೊತ್ತಿಗೆ ಅದರ ಕಾಲುಗಳು ಸೆಟೆದಿದ್ದವು. ನಾಲ್ಕು ತಾಲ್ಲೂಕಿನ ಉಬ್ಬರ ಇಳಿಸಿದವನ ಮನೆಯ ಹಸು ಉಬ್ಬರದಲ್ಲಿ ಸತ್ತಿತು. ಅವಳು ಅತ್ತಳು. ನಾನು, ಹಣೆಬರಹ, ಹತ್ತಿರ ಇದ್ದಿದ್ದರೆ ಉಳಿಸುತ್ತಿದ್ದೆ ಎಂದೆ. ಆಮೇಲೆ ನಾವು ಹಸು ಕಟ್ಟಲಿಲ್ಲ. ನನ್ನ ಕೈಗುಣದ ಬಗ್ಗೆ ಯಾರು ಹೊಗಳಿದರೂ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅಂತ ನಾನು ನಗೆಯಾಡುತ್ತಿದ್ದೆ. ಅವಳು ಅದಕ್ಕೂ ನಗುತ್ತಿರಲಿಲ್ಲ.

ಹೀಗಾಗಿ ಅವತ್ತು ತೊಟ್ಟಿಯಲ್ಲಿ ತೇಲುತ್ತಿದ್ದುದು ಬರೀ ಮೀನಲ್ಲ. ಇಷ್ಟು ವರ್ಷಕ್ಕೆ ಅವಳು ನನ್ನ ಕೈಗೆ ಒಪ್ಪಿಸಿದ ಎರಡನೆಯ ಪ್ರಾಣಿ. ಇದೂ ಹೋದರೆ ಮೂರನೆಯದು ಇರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಭಿಮಾನ ಬಿಟ್ಟು ಹ್ಯಾಂಡ್‌ಪೋಸ್ಟಿನ ಮಲಯಾಳಿಗೆ ಫೋನು ಮಾಡಿದೆ. ನಾನು ಪಶು ವೈದ್ಯಕೀಯದವನೇ ಎಂದು ಮೊದಲೇ ಹೇಳಿಕೊಂಡೆ. ಅವನು, ಹಾಗಾದರೆ ನಿಮಗೆ ಗೊತ್ತೇ ಇರುತ್ತದಲ್ಲ ಸಾರೇ ಎಂದ. ದನದ್ದು ಗೊತ್ತು, ಮೀನಿನದು ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಮೇಲಿನಿಂದ ನೋಡಿ, ಮೈಮೇಲಿನ ಹುರುಪೆಗಳು ಎದ್ದು ನಿಂತಿವೆಯಾ ಎಂದು ಕೇಳಿದ. ಹುರುಪೆ ಎದ್ದಿದ್ದರೆ ಅದು ಬೇರೆ ರೋಗ, ಆಸೆ ಇಟ್ಟುಕೊಳ್ಳಬೇಡಿ ಎಂದ. ನಾನು ಮೇಜಿನ ಮೇಲೆ ಹತ್ತಿ ಬಗ್ಗಿ ನೋಡಿದೆ. ಎದ್ದಿರಲಿಲ್ಲ. ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದ. ನಾನು ಸುಳ್ಳು ಹೇಳುವುದಿಲ್ಲ, ಮುದ್ದೆ ಎಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಹಕ್ಕಿಗಳ ಚಿಲಿಪಿಲಿ ಮಾತ್ರ ಕೇಳಿಸಿತು.

ಮಲಬದ್ಧತೆ ಎಂದು ಅವನು ತೀರ್ಮಾನಿಸಿದ. ಮೂರು ದಿನ ಒಂದು ಕಾಳೂ ಹಾಕಬೇಡಿ, ದಿನಕ್ಕೊಂದು ಸಲ ಮ್ಯಾಗ್ ಸಲ್ಫ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಬಿಡಿ, ನಾಲ್ಕನೆಯ ದಿನ ಹಸಿ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಅಕ್ಕಿನುಚ್ಚಿನಷ್ಟು ಚೂರು ಮಾಡಿ ಕೊಡಿ ಎಂದ. ಮ್ಯಾಗ್ ಸಲ್ಫ್ ಎಂದೊಡನೆ ನನಗೆ ಹೋದ ಜೀವ ಬಂತು. ಅದು ನಮ್ಮದೇ ಮದ್ದು. ಮಲ ಕಟ್ಟಿಕೊಂಡ ಎಮ್ಮೆಗೆ ಕಾಲು ಕೇಜಿಯನ್ನು ನೀರಿನಲ್ಲಿ ಕಲಸಿ ಕುಡಿಸಿದರೆ ಸಂಜೆಗೆ ಕೊಟ್ಟಿಗೆ ತುಂಬಿರುತ್ತಿತ್ತು. ನನ್ನ ಹಳೆಯ ಚೀಲದಲ್ಲಿ ಒಂದು ಪೊಟ್ಟಣ ಉಳಿದಿತ್ತು. ಮೀನಿಗೆ ಒಂದು ಬಕೆಟ್ ನೀರಿಗೆ ಒಂದು ಚಮಚವಂತೆ. ಬಕೆಟ್ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಗಡಿಯಾರ ನೋಡುತ್ತಾ, ಮೀನಿಗೆ ಸ್ನಾನ ಮಾಡಿಸಿದೆ. ಎಮ್ಮೆಯ ಕೊಂಬು ಹಿಡಿದ ಕೈಯಲ್ಲಿ ಟೀ ಸೋಸುವ ಜಾಲರಿ ಹಿಡಿದು ಅದನ್ನು ಮತ್ತೆ ತೊಟ್ಟಿಗೆ ಬಿಟ್ಟೆ.

ಉಪವಾಸ ಸೋಮವಾರ ಶುರುವಾಯಿತು. ಸೋಮವಾರ ನನ್ನ ಹೆಂಡತಿಗೂ ಉಪವಾಸ. ಹುಟ್ಟಿದ ಮನೆಯಿಂದ ತಂದ ವ್ರತ ಅದು. ಬೆಳಿಗ್ಗೆ ಪೂಜೆಯಾದ ಮೇಲೆ ಒಗ್ಗರಣೆ ಹಾಕಿದ ಅವಲಕ್ಕಿ, ಹತ್ತೂವರೆಗೆ ಬಾಳೆಹಣ್ಣು ಹಾಲು, ಮಧ್ಯಾಹ್ನ ರವೆ ಉಪ್ಪಿಟ್ಟು, ಸಂಜೆ ಒಂದಿಷ್ಟು ಕಡಲೆಪುರಿ. ಅನ್ನ, ಮುದ್ದೆ ಮುಟ್ಟುವಂತಿಲ್ಲ. ಇಷ್ಟು ಕಠಿಣವಾಗಿ ಶಿವನನ್ನು ಒಲಿಸಿಕೊಳ್ಳುವವರನ್ನು ಅವನು ಕೈಬಿಡುವುದುಂಟೇ? ನಮ್ಮ ಮನೆಯಲ್ಲಿ ಮಾಮೂಲಿ ದಿನಕ್ಕಿಂತ ಉಪವಾಸದ ದಿನ ಒಲೆ ಹೆಚ್ಚು ಹೊತ್ತು ಉರಿಯುತ್ತದೆ. ಇದನ್ನು ನಾನು ಹಿಂದೆ ತಮಾಷೆಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಮೂರನೆಯ ದಿನ ಮೀನಿನ ಹೊಟ್ಟೆ ಇಳಿಯುವ ಬದಲು ಇನ್ನೊಂದು ಸುತ್ತು ಬಂದಿತ್ತು. ನೀರು ಸೋಸುವ ಸ್ಪಂಜನ್ನು ತೊಳೆಯಲು ತೆಗೆದರೆ ಅದಕ್ಕೆ ಬೆಳ್ಳಗೆ ಏನೋ ಮೆತ್ತಿಕೊಂಡಿದೆ. ಬೆರಳಲ್ಲಿ ಉಜ್ಜಿ ನೋಡಿದೆ. ಅವಲಕ್ಕಿ. ಅದರ ಪಕ್ಕದಲ್ಲಿ ರವೆ. ಸಾಸಿವೆ ಕಾಳೊಂದೂ ಸಿಕ್ಕಿತು.

ಹೆಂಡತಿ ಒಪ್ಪಿಕೊಂಡಳು, ಒಪ್ಪಿಕೊಳ್ಳಲು ಅದೇನು ಕಳ್ಳತನವೇ ಎಂಬಂತೆ. ಅನ್ನ ಮುದ್ದೆ ಏನೂ ಹಾಕಿಲ್ಲ, ಬರೀ ಫಲಾಹಾರ ಕೊಟ್ಟಿದ್ದೇನೆ, ತಾನು ಮಾಡುವ ಹಾಗೇ ಅದಕ್ಕೂ ಮಾಡಿಸಿದ್ದೇನೆ ಎಂದಳು. ಅಂಗಡಿಯವನು ಒಂದು ಕಾಳೂ ಹಾಕಬೇಡಿ ಅಂದದ್ದು ಅವಳಿಗೂ ಕೇಳಿಸಿತ್ತು. ಅವಳ ಪ್ರಕಾರ ಅದು ಉಪವಾಸವಲ್ಲ, ಶಿಕ್ಷೆ. ಹೊಟ್ಟೆಗೆ ಏನೂ ಇಲ್ಲದೆ ಒಂದು ಜೀವವನ್ನು ನೋಡುತ್ತ ಕೂರುವುದು ತನ್ನ ಕೈಲಾಗುವುದಿಲ್ಲ ಎಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. ಸ್ಪಂಜನ್ನು ನೆಲಕ್ಕೆ ಬಿಸಾಕಿ ಕೂಗಿದೆ. "ನಾನು ಹೇಳೋಗಂಟ ಅದರ ಬಾಯಿಗೆ ಏನೂ ಹಾಕ್ಬೇಡ ಅಂದ್ರೆ ಹಾಕ್ಬೇಡ, ಅಷ್ಟೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ನನ್ನನ್ನೇ ನೋಡಿದಳು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

"ಅವತ್ತೂ ಇದನ್ನೇ ಹೇಳಿ ಕಳಿಸಿದ್ರಿ" ಎಂದು ಒಳಗೆ ಹೋದಳು.

ನಾನು ತೊಟ್ಟಿಯ ಮುಂದೆ ಕೂತೆ. ಮೇಲೆ ಹಸುವಿನ ಕತೆ ಹೇಳಿದಾಗ ಒಂದಿಷ್ಟನ್ನು ನುಂಗಿಕೊಂಡೆ. ಊರಿಗೆ ಹೇಳುವಾಗಲೂ ಹಾಗೇ ನುಂಗುತ್ತಿದ್ದೆ, ಕೊನೆಕೊನೆಗೆ ನನಗೇ ಮರೆತುಹೋಗಿತ್ತು. ಅವತ್ತು ಉಬ್ಬರ ಬಂದ ಕೂಡಲೇ ಅವಳು ಪಕ್ಕದ ಮನೆಯವನನ್ನು ಸೈಕಲ್ಲಿನಲ್ಲಿ ನಾನಿದ್ದ ಊರಿಗೆ ಓಡಿಸಿದ್ದಳು. ಅದಕ್ಕೆ ಒಂದು ವಾರ ಮುಂಚೆ ಬೇರೊಂದು ಊರಿನಲ್ಲಿ ಯಾರೋ ತಮ್ಮ ಹಸುವಿನ ಕತ್ತು ಮೇಲೆತ್ತಿ ಎಣ್ಣೆ ಕುಡಿಸಿ, ಎಣ್ಣೆ ಶ್ವಾಸಕೋಶಕ್ಕೆ ಹೋಗಿ ಅದು ಸತ್ತಿತ್ತು. ಆ ಸಿಟ್ಟು ನನ್ನಲ್ಲಿತ್ತು. ಹಾಗಾಗಿ ಸೈಕಲ್ಲಿನವನ ಕೈಯಲ್ಲಿ, ನಾನು ಬರುವ ತನಕ ಬಾಯಿಗೆ ಏನೂ ಹಾಕಬೇಡಿ ಎಂದು ಹೇಳಿ ಕಳಿಸಿದೆ. ಊರವರು ಎಣ್ಣೆ ತಂದರಂತೆ. ಅವಳು ಬೇಡ ಎಂದಳಂತೆ. ಗಂಡ ಹೇಳಿದ್ದಾರೆ, ಅವರಿಗಿಂತ ನಿಮಗೆ ಗೊತ್ತಾ ಎಂದು ಅವರನ್ನು ಗದರಿಸಿ, ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿ ನೋಡುತ್ತ ಕೂತಳಂತೆ. ಅರ್ಧ ಲೀಟರ್ ಕಡಲೆಕಾಯಿ ಎಣ್ಣೆ ನಿಧಾನವಾಗಿ ಕುಡಿಸಿದ್ದರೆ ಆ ಹಸು ಬದುಕುತ್ತಿತ್ತು. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ.

ಸೈಕಲ್ಲಿನವನು ಬಂದಾಗ ನಾನು ಏನು ಮಾಡುತ್ತಿದ್ದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕೇಸು ಮುಗಿದಿತ್ತು. ದೊಡ್ಡ ಜಮೀನ್ದಾರರ ಮನೆ, ಅವರ ಹಸು ಕರು ಹಾಕಿ ಎದ್ದು ನಿಂತಿತ್ತು, ಸಂತೋಷಕ್ಕೆ ಒಬ್ಬಟ್ಟು ಮಾಡಿಸಿದ್ದರು. ಎಲೆಯ ಮುಂದೆ ಕೂತಿದ್ದೆ. ಎಲೆಯಿಂದ ಎದ್ದರೆ ದೊಡ್ಡವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಊಟ ಮುಗಿಸಿದೆ. ಇನ್ನೊಂದು ಹಾಕಿಸಿಕೊಳ್ಳಿ ಎಂದರು, ಹಾಕಿಸಿಕೊಂಡೆ. ನನಗೆ ಈಗಲೂ ನಾಚಿಕೆಯಾಗುತ್ತದೆ.

ಆ ಬುಧವಾರದಿಂದ ಉಪವಾಸ ಹೊಸದಾಗಿ ಶುರುವಾಯಿತು. ಈ ಸಲ ಅವಳು ಒಂದು ಕಾಳೂ ಹಾಕಲಿಲ್ಲ. ನನ್ನ ಜೊತೆ ಮಾತೂ ಹೆಚ್ಚು ಆಡಲಿಲ್ಲ. ತಾನೂ ಅನ್ನ ಬಿಟ್ಟು ಅವಲಕ್ಕಿಯಲ್ಲೇ ದಿನ ದೂಡಿದಳು. ಮೀನು ತೇಲಿಕೊಂಡು ಅವಳನ್ನು ನೋಡುತ್ತಿತ್ತು, ಅವಳು ಮೀನನ್ನು ನೋಡುತ್ತಿದ್ದಳು, ಇಬ್ಬರೂ ಸೇರಿ ನನ್ನನ್ನು ನೋಡುತ್ತಿದ್ದರು. ನಾನು ದಿನಕ್ಕೊಂದು ಸಲ ಮೇಜು ಹತ್ತಿ ಹುರುಪೆ ನೋಡುತ್ತಿದ್ದೆ, ಇಳಿಯುತ್ತಿದ್ದೆ.

ಶನಿವಾರ ಬೆಳಿಗ್ಗೆ ಬಟಾಣಿ ಬೇಕಾಯಿತು. ಹುಣಸೂರಿನ ಸಂತೆಯಲ್ಲಿ ಎಲ್ಲಿ ನೋಡಿದರೂ ಅವರೆಕಾಯಿಯ ರಾಶಿ. ಆ ಸೊಗಡಿನ ಮುಂದೆ ಹಸಿ ಬಟಾಣಿಯನ್ನು ಕೇಳುವವರಿಲ್ಲ, ತರುವವರೂ ಇಲ್ಲ. ಅಂಗಡಿಗಳಲ್ಲಿ ಇದ್ದದ್ದು ಗುಂಡಿನಂಥ ಒಣ ಬಟಾಣಿ. ಮಲಯಾಳಿಗೆ ಮತ್ತೆ ಫೋನು ಮಾಡಿದೆ. ಮೆತ್ತಗೆ ಬೆಂದ, ಸಿಪ್ಪೆ ಸುಲಿದ ಯಾವ ಹಸಿ ಕಾಳಾದರೂ ನಡೆಯುತ್ತದೆ, ಎರಡೇ ಚೂರು ಕೊಟ್ಟು ನೋಡಿ ಎಂದ.

ಮನೆಯಲ್ಲಿ ಹೆಂಡತಿ ನೆನೆಸಿದ ಅವರೆಕಾಳನ್ನು ಹಿತಕುತ್ತ ಕೂತಿದ್ದಳು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ನಮ್ಮ ಸೀಮೆಯಲ್ಲಿ ಅವರೆ ಕಾಲ ಪೂರ್ತಿ ಮನೆಮನೆಯಲ್ಲಿ ಇದೇ ಕೆಲಸ. ಮೀನಿನ ಮದ್ದು ಹಿತಕಿದ ಬೇಳೆಯಾಗಿ ಅವಳ ಮಡಿಲಲ್ಲೇ ಇತ್ತು. ನಾಲ್ಕು ಬೇಳೆ ಬೇಯಿಸಿಕೊಡು ಎಂದೆ.

ಅವಳ ಕೈ ನಿಂತಿತು. ಅವರೆ ಬೇಡ, ಬೇರೆ ಏನಾದರೂ ಕೊಡೋಣ ಎಂದಳು. ಅವತ್ತಿನ ಹೊಲದ ಅವರೆ ಅವಳ ಕಣ್ಣಲ್ಲಿತ್ತು. ಹಸಿ ಗಿಡ ಬೇರೆ, ಬೆಂದ ಬೇಳೆ ಬೇರೆ, ಅದು ದನ, ಇದು ಮೀನು ಎಂದು ನಾನು ಪಾಠ ಶುರುಮಾಡಬಹುದಿತ್ತು. ಬಾಯಿಯ ತನಕ ಬಂದಿತ್ತು ಕೂಡ. ಜೀವಮಾನದಲ್ಲಿ ಒಂದು ಸಲವಾದರೂ ಪಾಠವನ್ನು ನುಂಗೋಣ ಎಂದುಕೊಂಡೆ.

"ಕೊಡು. ಕೊಟ್ಟ ಮೇಲೆ ನಾನು ಇಲ್ಲಿಂದ ಏಳಲ್ಲ. ಏನಾದ್ರೂ ಆದ್ರೆ ಇಲ್ಲೇ ಇರ್ತೀನಿ" ಎಂದೆ.

ಅವಳು ಎದ್ದು ಹೋಗಿ ಬೇಯಿಸಿ ತಂದಳು. ಉಪ್ಪಿಲ್ಲದ್ದು. ಉಗುರಿನಿಂದ ನುಚ್ಚಿನಷ್ಟು ಚೂರು ಮಾಡಿ ನೀರಿಗೆ ಬಿಟ್ಟಳು. ಮೀನು ಅದನ್ನು ಬಾಯಿಗೆ ತೆಗೆದುಕೊಂಡಿತು, ಉಗುಳಿತು, ಮತ್ತೆ ತೆಗೆದುಕೊಂಡಿತು. ನಾನು ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತೆ. ಅವಳು ನೆಲದ ಮೇಲೆ ಅವರೆಯ ಮೊರ ಇಟ್ಟುಕೊಂಡು ಹಿತಕತೊಡಗಿದಳು.

ಹತ್ತು ಗಂಟೆಯ ಸುಮಾರಿಗೆ ಫೋನು ಬಂತು. ಬೆಟ್ಟದಪುರದ ಕಡೆಯ ರೈತ, ಹೊಗೆಸೊಪ್ಪು ಬೆಳೆಯುವವನು, ಹಳೆಯ ಪರಿಚಯ. ನಿವೃತ್ತಿಯಾದರೂ ಇಂಥವರಿಗೆ ನಾನೇ ಡಾಕ್ಟ್ರು. ಹಸು ಅವರೆ ಹೊಲಕ್ಕೆ ಬಿದ್ದು ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ, ಕಾರು ಕಳಿಸುತ್ತೇನೆ, ಈಗಲೇ ಬರಬೇಕು ಎಂದ. ಅವರೆಯ ಕಾಲದಲ್ಲಿ ಇಂಥ ಫೋನು ಹೊಸದಲ್ಲ. ಆದರೆ ಪಾತ್ರೆಗೆ ಬೇಳೆ ಬೀಳುವ ಸದ್ದು ನಿಂತದ್ದು ನನಗೆ ಕೇಳಿಸಿತು. ನಾನು ಬರಲಾಗುವುದಿಲ್ಲ ಎಂದೆ. ಅವನು ಯಾಕೆ ಎಂದು ಕೇಳಿದ. ಸುಳ್ಳು ಹೊಳೆಯಲಿಲ್ಲ. ಮನೆಯಲ್ಲಿ ಮೀನಿಗೆ ಹುಷಾರಿಲ್ಲ ಎಂದುಬಿಟ್ಟೆ.

"ಮೀನ್ಗಾ? ಸಾರ್ ಮಾಡ್ಬುಡಿ ಸಾ" ಎಂದ. ಆಮೇಲೆ ನಮ್ಮ ಮನೆ ಯಾವುದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಿರಬೇಕು, ತಪ್ಪಾಯ್ತು ಎಂದ.

ನಾನು ಅವನಿಗೆ ಒಂದೊಂದಾಗಿ ಹೇಳಿದೆ. ತಾಲ್ಲೂಕು ಆಸ್ಪತ್ರೆಗೆ ಈಗಲೇ ಫೋನು ಮಾಡು. ಅವರು ಬರುವ ತನಕ ಕಾಯಬೇಡ, ಅರ್ಧ ಲೀಟರ್ ಕಡಲೆಕಾಯಿ ಎಣ್ಣೆ ಕುಡಿಸು. ಕತ್ತು ಮೇಲೆತ್ತಬೇಡ, ನಾಲಿಗೆ ಎಳೆಯಬೇಡ, ಬಾಯಿಯ ಪಕ್ಕದಿಂದ ನಿಧಾನವಾಗಿ ಬಿಡು, ಕೆಮ್ಮಿದರೆ ನಿಲ್ಲಿಸು. ಮುಂಗಾಲು ಎತ್ತರದಲ್ಲಿರುವ ಹಾಗೆ ನಿಲ್ಲಿಸು. ಅವನು ಫೋನು ಇಟ್ಟ.

ಹೆಂಡತಿ ತಲೆ ಎತ್ತಲಿಲ್ಲ. ಬೇಳೆ ಮತ್ತೆ ಪಾತ್ರೆಗೆ ಬೀಳತೊಡಗಿತು.

"ನಮ್ಮ ಹಸ ಹೋದ್ಮೇಲೆ ನೀವು ಯಾರ್ಗೂ ಏನೂ ಹಾಕ್ಬೇಡಿ ಅಂದಿಲ್ಲ ಕಣ್ರೀ. ಎಲ್ಲರ್ಗೂ ಎಣ್ಣೆ ಕುಡ್ಸಿ ಅಂತ್ಲೇ ಹೇಳ್ತೀರಿ. ಕೇಳಿಸ್ಕತಾನೇ ಇದೀನಿ" ಎಂದಳು.

ಹೌದೆಂದು ಆಗ ನನಗೇ ಗೊತ್ತಾಯಿತು. ಮೂವತ್ತು ವರ್ಷದಿಂದ ಊರೂರಿಗೆ ಆ ಎಣ್ಣೆಯ ಮಾತನ್ನು ಹೇಳುತ್ತಿದ್ದೆ. ಹೇಳಬೇಕಾದವಳಿಗೆ ಮಾತ್ರ ಹೇಳಿರಲಿಲ್ಲ. ಅವತ್ತು ನಾನು ಹೇಳಿ ಕಳಿಸಿದ್ದು ತಪ್ಪು, ಊರವರು ತಂದ ಎಣ್ಣೆ ಸರಿಯಾಗಿತ್ತು, ಹಸು ಸತ್ತದ್ದು ಹಣೆಬರಹದಿಂದಲ್ಲ ಎಂದು ಅವಳಿಗೆ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ, ತೊಟ್ಟಿ ನೋಡಿಕೊಂಡು ಹೇಳಿದೆ. ಅವಳು ಹ್ಞೂಂ ಎಂದಳು.

ಮಧ್ಯಾಹ್ನದ ತನಕ ಇಬ್ಬರೂ ಹಾಗೇ ಕೂತಿದ್ದೆವು. ನನ್ನ ಸೊಂಟ ಹಿಡಿದುಕೊಂಡಿತು. ಊಟದ ಹೊತ್ತಿಗೆ ಮೀನು ಒಂದು ಸಲ ಮೈ ಒದರಿತು. ಅದರ ಹಿಂದೆ ದಾರದೆಳೆಯಂಥದೊಂದು ಇಳಿಯಿತು. ಮೊದಲು ಬೆಳ್ಳಗೆ, ಆಮೇಲೆ ಕಂದು, ಆಮೇಲೆ ಹಸಿರು. ಕಡೆಗೆ ಒಂದು ಗೇಣಿನಷ್ಟಾಗಿ ಮೀನಿನ ಹಿಂದೆ ಹಿಂದೆ ಬರುತ್ತಿತ್ತು. ಗಾಡಿಗಟ್ಟಲೆ ಸಗಣಿ ನೋಡಿದವನು ನಾನು. ಆ ಎಳೆಯನ್ನು ನೋಡಿ ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಅವಳು ಮೊರ ಪಕ್ಕಕ್ಕಿಟ್ಟು ಬಂದು, ಗಾಜಿಗೆ ಹಣೆ ತಾಗಿಸಿ ನೋಡಿದಳು. ಎಷ್ಟೋ ವರ್ಷದ ಮೇಲೆ ನನ್ನ ವೈದ್ಯವೃತ್ತಿಯ ಫಲವನ್ನು ನೋಡಿ ಅವಳು ನಕ್ಕಳು. ಮೀನು ಒಂದು ಕಡೆ ವಾಲಿಕೊಂಡೇ ಆದರೂ ತಳಕ್ಕಿಳಿಯಿತು. ಇವತ್ತಿಗೂ ಸ್ವಲ್ಪ ವಾಲಿಕೊಂಡೇ ಈಜುತ್ತದೆ.

ಬೆಟ್ಟದಪುರದವನು ಮತ್ತೆ ಫೋನು ಮಾಡಿ, ಎಣ್ಣೆಗೇ ಇಳಿಯಿತು, ಆಸ್ಪತ್ರೆಯವರೂ ಬಂದು ನೋಡಿದರು, ಹಸು ಮೆಲುಕು ಹಾಕುತ್ತಿದೆ ಎಂದ. ಮೀನು ಹೇಗಿದೆ ಎಂದು ಮರ್ಯಾದೆಗೆ ಕೇಳಿದ. ಹೊಟ್ಟೆ ಹೋಯಿತು ಎಂದೆ.

ಅವಳು ಮುದ್ದೆ ಕಟ್ಟಿ, ಹಿತಕಿದ ಬೇಳೆ ಸಾರು ಬಡಿಸಿದಳು. ಬುಧವಾರದಿಂದ ಅವಲಕ್ಕಿಯಲ್ಲೇ ಇದ್ದವಳು ತಾನೂ ತಟ್ಟೆ ಇಟ್ಟುಕೊಂಡಳು. ಮನಸ್ಸು ಹಗುರಾಗಿತ್ತು. ಒಂದು ತಪ್ಪು ಒಪ್ಪಿಕೊಂಡವನಿಗೆ ಇನ್ನೊಂದನ್ನು ಒಪ್ಪಿಕೊಳ್ಳುವ ಚಪಲ ಬರುತ್ತದೆ. ಮೂವತ್ತು ವರ್ಷ ಬಚ್ಚಿಟ್ಟದ್ದನ್ನು ತೆಗೆದು ಅವಳ ಮುಂದಿಟ್ಟರೆ ದೊಡ್ಡ ಮನುಷ್ಯನಾಗುತ್ತೇನೆ ಎಂದೂ ಒಳಗೆ ಎಲ್ಲೋ ಅನಿಸಿರಬೇಕು.

"ಅವತ್ತು ಸೈಕಲ್ಲಿನೋನು ಬಂದಾಗ ಕೇಸು ಮುಗ್ದಿತ್ತು. ನಾನು ಊಟಕ್ಕೆ ಕೂತಿದ್ದೆ" ಎಂದೆ.

ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

"ಗೊತ್ತು. ಅಂಗಿ ತೋಳಿಗೆ ಒಬ್ಬಟ್ಟಿನ ತುಪ್ಪ ಮೆತ್ಕಂಡಿತ್ತು. ಒಗ್ದೋಳು ನಾನೇ ಅಲ್ವಾ" ಎಂದಳು.

ಆಮೇಲೆ ಬಿಸಿ ಆರುತ್ತದೆ, ಉಣ್ಣಿ ಎಂದಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಅವತ್ತು ಮಾತ್ರ ನಾನು ತುತ್ತನ್ನು ಬಹಳ ಹೊತ್ತು ಅಗಿದೆ.